ಒಂದೇ ಮ್ಯಾಂಟಲ್, ಎರಡು ಸಿಲಿಕಾನ್: ಕಲಬುರಗಿ ಬಿಸಿಲಿಗೆ ತಡೆದದ್ದು ಯಾವುದು?

ಪಿಯು ಮಕ್ಕಳಿಗೆ ವಿಕಿರಣ ತೋರಿಸಬೇಕೆಂದು ಈ ಬೇಸಿಗೆ ಎರಡು ಸಿಲಿಕಾನ್ ಶೋಧಕಗಳನ್ನು ಮನೆಯಲ್ಲೇ ಪರೀಕ್ಷಿಸಿದೆ. ಒಂದು ಬಿಪಿಡಬ್ಲ್ಯೂ34 ಎಂಬ ಫೋಟೊಡಯೋಡ್ (ಬೆಳಕು ಬಿದ್ದರೆ ಪ್ರವಾಹ ಕೊಡುವ ಬಿಡಿಭಾಗ), ಇನ್ನೊಂದು ಹಳೆಯ ವೆಬ್‌ಕ್ಯಾಮ್‌ನ ಚಿತ್ರ ಹಿಡಿಯುವ ಸಿಮಾಸ್ ಚಿಪ್. ಎರಡರ ಮುಂದೆಯೂ ಇಟ್ಟದ್ದು ವಿಕಿರಣ ಸೂಸುವ ಥೋರಿಯಂ ಇರುವ ಪೆಟ್ರೋಮ್ಯಾಕ್ಸ್ ಮ್ಯಾಂಟಲ್, ಅಂದರೆ ದೀಪದ ಬಲೆ. (ಅದರ ಪುಡಿ ಉಸಿರಿನಲ್ಲಿ ಹೋಗಬಾರದು, ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯಲೇಬೇಡಿ.)

ವೆಬ್‌ಕ್ಯಾಮ್ ಸುಲಭ. ಲೆನ್ಸ್ ಬಿಚ್ಚಿ, ಕಪ್ಪು ಟೇಪ್ ಸುತ್ತಿ, ರಾತ್ರಿಯಿಡೀ ಫ್ರೇಮ್ ಉಳಿಸಿದೆ. ನಸುಕಿನ ಫ್ರೇಮ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ. ಒಂದರಲ್ಲಂತೂ ಹುಳು ಹರಿದಂಥ ಸೊಟ್ಟ ಗೆರೆ, ಎಲೆಕ್ಟ್ರಾನ್ ಡಿಕ್ಕಿ ಹೊಡೆಯುತ್ತ ಹೋದ ದಾರಿ. ಪಕ್ಕದ ಮನೆಯ ಹುಡುಗ ನೋಡಿ, "ಸರ್, ಇದು ಖರೇನೇ ಕಣ ಓಡಿದ್ದೇನ್ರಿ?" ಎಂದ. ನನಗೂ ಮೈ ಜುಮ್ಮೆಂದಿತು.

ಆದರೆ ಮಧ್ಯಾಹ್ನ ಮೂರಕ್ಕೆ ಕೋಣೆ 41 ಡಿಗ್ರಿ. ಫ್ರೇಮ್ ತುಂಬ ಚುಕ್ಕೆ, ಮ್ಯಾಂಟಲ್ ತೆಗೆದಿಟ್ಟರೂ ಅಷ್ಟೇ ಚುಕ್ಕೆ. ಸಿಲಿಕಾನ್‌ನ ಸೋರಿಕೆ ಪ್ರವಾಹ (ಬೆಳಕು, ಕಣ ಏನೂ ಇಲ್ಲದಿದ್ದರೂ ಹರಿಯುವ ಪ್ರವಾಹ) ಪ್ರತಿ 7-8 ಡಿಗ್ರಿಗೆ ಸುಮಾರು ಇಮ್ಮಡಿಯಾಗುತ್ತದೆ; ಕಣ ಯಾವುದು, ಕಾವು ಯಾವುದು ಗೊತ್ತಾಗಲಿಲ್ಲ.

ಡಯೋಡ್ ಮೂರು ದಿನ ಸತಾಯಿಸಿತು. ಆಂಪ್ಲಿಫೈಯರ್ ಬೆಸುಗೆ ಹಾಕಿ, ಬಿಸ್ಕೆಟ್ ಡಬ್ಬಿಯಲ್ಲಿ ಕೂರಿಸಿದರೂ ಬರೀ ಗದ್ದಲ, ಬೇಡದ ವಿದ್ಯುತ್ ಏರಿಳಿತ. ವೋಲ್ಟೇಜ್ ಇಲ್ಲದಾಗ ಇದರ ಕೆಪಾಸಿಟನ್ಸ್ (ಚಾರ್ಜ್ ಹಿಡಿದಿಡುವ ಗುಣ, ಹೆಚ್ಚಿದಷ್ಟೂ ಪಲ್ಸ್ ಮಂಕು) ಸುಮಾರು 70 ಪಿಕೊಫ್ಯಾರಡ್. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಉಲ್ಟಾ ಬಯಾಸ್‌ಗೆ, ಅಂದರೆ ಡಯೋಡ್‌ಗೆ ತಿರುಗುಮುರುಗಾಗಿ, ಜೋಡಿಸಿದ್ದೇ ತಡ, ಅದು ಇಳಿಯಿತು, ಕಣದ ಗುರುತು ಹಿಡಿಯುವ ಡಿಪ್ಲೀಷನ್ ಪದರ ಅಗಲವಾಯಿತು, ಪಲ್ಸ್‌ಗಳು ಎದ್ದು ನಿಂತವು. ಮಧ್ಯಾಹ್ನ ಗದ್ದಲ ಏರಿದಾಗ ಥ್ರೆಶೋಲ್ಡ್‌ನ (ಎಣಿಕೆಗೆ ಬರಲು ಪಲ್ಸ್ ದಾಟಬೇಕಾದ ಮಿತಿ) ತಿರುಗಣಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ಸಣ್ಣ ಪಲ್ಸ್‌ಗಳು ಕೈಬಿಟ್ಟವು, ಆದರೂ ಮ್ಯಾಂಟಲ್ ಇದ್ದಾಗಿನ, ಇಲ್ಲದಾಗಿನ ಎಣಿಕೆಯ ಅಂತರ ಉಳಿಯಿತು.

ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲೂ ಈ ಎರಡೂ ಜಾತಿ ಇವೆ. ಆಲಿಸ್ ಪ್ರಯೋಗದಲ್ಲಿ 2021ರಲ್ಲಿ ಅಳವಡಿಸಿದ ಒಳಶೋಧಕದಲ್ಲಿ ಸುಮಾರು 1,250 ಕೋಟಿ ಸಿಮಾಸ್ ಪಿಕ್ಸೆಲ್‌ಗಳಿವೆ. ಕಣಗಳ ಹೊಡೆತ ಇನ್ನೂ ಜೋರಾಗಿರುವ ಅಟ್ಲಾಸ್, ಸಿಎಂಎಸ್ ಪ್ರಯೋಗಗಳಲ್ಲಿ ನನ್ನ ಡಯೋಡಿನ ಹಾಗೆ ಸಂವೇದಕ ಬೇರೆ, ಓದುವ ಚಿಪ್ ಬೇರೆ. ಅಲ್ಲಿ ಸಿಲಿಕಾನ್ ಪರಮಾಣುಗಳೇ ಜಾಗ ಬಿಟ್ಟು ಜರುಗುತ್ತವೆ: ಸೋರಿಕೆ ಏರುತ್ತದೆ, ಚಾರ್ಜ್ ಅರ್ಧ ದಾರಿಯಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೇ ಹೆಚ್ಚು ವೋಲ್ಟೇಜ್, ಸೊನ್ನೆಗಿಂತ ಕೆಳಗಿನ ತಂಪು. 2014ರಲ್ಲಿ ಅಟ್ಲಾಸ್‌ಗೆ ಸೇರಿದ ಒಳಪದರದ ಕೆಲವು ಸಂವೇದಕಗಳಲ್ಲಿ ಎಲೆಕ್ಟ್ರೋಡ್‌ಗಳನ್ನು ಕಂಬಗಳಂತೆ ಸಿಲಿಕಾನ್ ಒಳಗೇ ಇಳಿಸಿದ್ದಾರೆ. ಚಾರ್ಜ್ ನಡೆಯಬೇಕಾದ ದೂರವೇ ಕಡಿಮೆ.

ಜೂನ್‌ನಲ್ಲಿ ಕ್ಲಾಸಿಗೆ ಒಯ್ಯುವುದು ಡಯೋಡ್ ಡಬ್ಬಿಯನ್ನೇ. ಆ ಸೊಟ್ಟ ಗೆರೆಯ ಫ್ರೇಮನ್ನು ಮಾತ್ರ ಪ್ರಿಂಟ್ ಹಾಕಿಸಿ ಲ್ಯಾಬ್ ಗೋಡೆಗೆ ಅಂಟಿಸಿದ್ದೇನೆ.