ಫೆಂಡರ್ ಬೇಸ್‌ಮನ್ 5ಎಫ್6-ಎ: ಹೆಸರಿಗೆ ಬೇಸ್ ಆಂಪ್, ಕೆಲಸಕ್ಕೆ ಗಿಟಾರ್ ಆಂಪ್

ಬೇಸ್ ಗಿಟಾರ್ ನುಡಿಸೋಕೆ ಒಂದು ಹಳೇ ಆಂಪ್ ಹುಡುಕುತ್ತಿದ್ದರೆ ಇದನ್ನು ಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ 1958ರಿಂದ 1960ರವರೆಗೆ ತಯಾರಾದ, ಹತ್ತಿಂಚಿನ ನಾಲ್ಕು ಸ್ಪೀಕರ್‌ಗಳ ಟ್ವೀಡ್ ಬಟ್ಟೆ ಹೊದಿಸಿದ ಈ ಪೆಟ್ಟಿಗೆಯನ್ನು ಫೆಂಡರ್ ಮಾಡಿದ್ದು ಪ್ರಿಸಿಷನ್ ಬೇಸ್‌ಗೆಂದೇ, ನಿಜ. ಆದರೆ ಬೇಸ್‌ನ ಇ ತಂತಿ ಮಿಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ. ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ಅಷ್ಟು ಕೆಳಗಿನ ಸ್ವರಕ್ಕೆ ಕೋನ್‌ನ (ಸ್ಪೀಕರಿನ ಅಲುಗುವ ಕಾಗದದ) ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗಿಹಾಕುತ್ತದೆ. ಕೋನ್ ಲೊಡಲೊಡ ಅಲುಗಾಡುತ್ತದೆ, ದನಿ ಮಾತ್ರ ಹೊರಬರುವುದಿಲ್ಲ. ಜೋರು ಮಾಡಿದಷ್ಟೂ ಅಂಚು ಹರಿಯುವ ಅಪಾಯ. ಅದೇ ಪೆಟ್ಟಿಗೆಗೆ ಗಿಟಾರ್ ಚುಚ್ಚಿದರೆ ಕಥೆಯೇ ಬೇರೆ. ಹಾಗಾಗಿ ಈ ವಿಮರ್ಶೆ ಅದನ್ನು ಗಿಟಾರ್ ಆಂಪ್ ಎಂದೇ ಅಳೆಯುತ್ತದೆ.

ಒಳಗಿರುವ ಟ್ಯೂಬ್‌ಗಳು (ದನಿಯನ್ನು ಹಿಗ್ಗಿಸುವ ಗಾಜಿನ ನಳಿಗೆಗಳು): ಮೊದಲ ಹಂತಕ್ಕೆ ಒಂದು 12ಎವೈ7, ಮುಂದಿನ ಹಂತಗಳಿಗೆ ಎರಡು 12ಎಎಕ್ಸ್7, ಔಟ್‌ಪುಟ್‌ಗೆ ಎರಡು 5881 (6ಎಲ್6 ಜಾತಿಯದೇ), ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಟ್ಯೂಬ್) ಜಿಝಡ್34. ಸುಮಾರು 40 ವ್ಯಾಟ್. ಹಿಂದಿನ 5ಎಫ್6ರಲ್ಲಿ ಪಾದರಸದ ಆವಿಯ 83 ರೆಕ್ಟಿಫೈಯರ್ ಇತ್ತು. ಅದನ್ನು ಕೈಬಿಟ್ಟು ಜಿಝಡ್34 ಹಾಕಿದ್ದು ಒಳ್ಳೆಯದೇ ಆಯಿತು: ಇದು ನಿಧಾನವಾಗಿ ಕಾಯುವುದರಿಂದ, ಉಳಿದ ಟ್ಯೂಬ್‌ಗಳು ಬಿಸಿಯಾಗುವ ಹೊತ್ತಿಗೇ ಹೈ ವೋಲ್ಟೇಜ್ ಏರುತ್ತದೆ. ಟ್ರೆಬಲ್, ಮಿಡಲ್, ಬೇಸ್ ನಾಬ್ ಮೂರೂ ಕ್ಯಾಥೋಡ್ ಫಾಲೋವರ್ (ಸಂಕೇತಕ್ಕೆ ಬಲ ಕೊಡುವ ಟ್ಯೂಬ್ ಹಂತ) ಆದ ಮೇಲೆ ಬರುತ್ತವೆ, ಪ್ರೆಸೆನ್ಸ್ (ಮೇಲ್ಸ್ವರದ ಹೊಳಪಿನ ನಾಬ್) ಇರುವುದು ಔಟ್‌ಪುಟ್‌ನಿಂದ ಹಿಂದಕ್ಕೆ ಮರಳುವ ಫೀಡ್‌ಬ್ಯಾಕ್ ದಾರಿಯಲ್ಲಿ. 1962ರಲ್ಲಿ ಲಂಡನ್ನಿನ ಮಾರ್ಷಲ್ ಅಂಗಡಿಯವರು ಜೆಟಿಎಂ45 ಕಟ್ಟಿದ್ದು ಇದೇ ನಕ್ಷೆಯನ್ನು ಮುಂದಿಟ್ಟುಕೊಂಡು. ಜೆಟಿಎಂ45ರ ಮೊದಲ ಟ್ಯೂಬ್ ಇಸಿಸಿ83 (12ಎಎಕ್ಸ್7ರದ್ದೇ ಯುರೋಪಿನ ಹೆಸರು), ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇರೆ, ಹಿಂಬದಿ ಮುಚ್ಚಿದ ಹನ್ನೆರಡಿಂಚಿನ ಪೆಟ್ಟಿಗೆ. ಕಾಗದದ ಮೇಲೆ ಇಷ್ಟೇ ವ್ಯತ್ಯಾಸ, ಕಿವಿಗೆ ಮಾತ್ರ ಎರಡೂ ಬೇರೆ ಬೇರೆ ಯಂತ್ರಗಳು.

ಈಗ ದನಿ. ವಾಲ್ಯೂಮ್ 3ರವರೆಗೆ ತಿಳಿ. 4 ದಾಟಿ 5ರ ಹತ್ತಿರ ಬಂದಾಗ ಇದರ ನಿಜವಾದ ಗುಣ ಗೊತ್ತಾಗುತ್ತದೆ. ಪಿಕ್ ಮೆಲ್ಲಗೆ ತಾಗಿಸಿದರೆ ಗಂಟೆಯಂಥ ಶುಭ್ರ ದನಿ. ಬಲವಾಗಿ ಎಳೆದರೆ ಮೊದಲ ಕ್ಷಣ ತುಸು ಅದುಮಿ, ಆಮೇಲೆ ಸ್ವರ ಅರಳುತ್ತದೆ. ಗಿಟಾರಿನ ವಾಲ್ಯೂಮ್ 7ಕ್ಕೆ ಇಳಿಸಿದರೆ ಮತ್ತೆ ತಿಳಿ. ಪೆಡಲ್‌ಗೆ ಕಾಲು ಹಾಕುವ ಅಗತ್ಯವೇ ಬೀಳದು. ಡಯಲ್ 12ರವರೆಗೆ ಇದ್ದರೂ 7ರ ಮೇಲೆ ಗದ್ದಲ ಹೆಚ್ಚಾಗುವುದಿಲ್ಲ, ಗಡಸು ಮಾತ್ರ ಹೆಚ್ಚುತ್ತದೆ.

ಸೆಟ್ಟಿಂಗ್ ವಿಷಯದಲ್ಲಿ ಹೆಚ್ಚಿನವರು ಎಡವುವುದು ಬೇಸ್ ನಾಬ್‌ನಲ್ಲಿ. ಅದನ್ನು 8ಕ್ಕೆ ತಿರುಗಿಸಿ ಜೋರು ಮಾಡಿದರೆ ಕೆಳಗಿನ ತಂತಿಗಳು ಕೆಸರಾಗುತ್ತವೆ, ಏಕೆಂದರೆ ಅಷ್ಟೂ ಕೆಳಸ್ವರ ಪವರ್ ವಿಭಾಗಕ್ಕೆ ಹೋಗಿ ಸಪ್ಲೈ ವೋಲ್ಟೇಜನ್ನು ಕುಸಿಸುತ್ತದೆ. ಬೇಸ್ 3, ಮಿಡಲ್ 6, ಟ್ರೆಬಲ್ 6, ಪ್ರೆಸೆನ್ಸ್ 4 ಇಟ್ಟು ಶುರು ಮಾಡಿ. ಬ್ರೈಟ್, ನಾರ್ಮಲ್ ಎಂಬ ಎರಡು ಚಾನೆಲ್‌ಗಳನ್ನು (ತಲಾ ಎರಡು ಜ್ಯಾಕ್) ಸೇರಿಸುವುದು ಇನ್ನೂ ಒಳ್ಳೆಯದು: ಗಿಟಾರ್ ಬ್ರೈಟ್ 1ಕ್ಕೆ, ಬ್ರೈಟ್ 2ರಿಂದ ಒಂದು ಗೇಣುದ್ದದ ಪ್ಯಾಚ್ ಕೇಬಲ್ ನಾರ್ಮಲ್ 1ಕ್ಕೆ. ಬ್ರೈಟ್ ವಾಲ್ಯೂಮ್ 5, ನಾರ್ಮಲ್ 3. ಎರಡೂ ಚಾನೆಲ್‌ಗಳು ಒಂದೇ 12ಎವೈ7ರ ಎರಡು ಅರ್ಧಗಳಾದ್ದರಿಂದ ಫೇಸ್ ಜಗಳ (ಒಂದರ ಅಲೆ ಇನ್ನೊಂದನ್ನು ಅಳಿಸುವುದು) ಬರುವುದಿಲ್ಲ. ಆ 12ಎವೈ7ರ ಜಾಗದಲ್ಲಿ 12ಎಎಕ್ಸ್7 ಚುಚ್ಚುವ ಚಟ ಹಲವರಿಗಿದೆ. ಆಂಪ್ಲಿಫಿಕೇಶನ್ ಫ್ಯಾಕ್ಟರ್ 44ರಿಂದ 100ಕ್ಕೆ ಹಾರುತ್ತದೆ, ದನಿ ಬೇಗ ಒಡೆಯುತ್ತದೆ, ಆದರೆ ಮೇಲೆ ಹೇಳಿದ ಬೆರಳಿನ ಹಿಡಿತ ಹೊರಟುಹೋಗುತ್ತದೆ. ಬೇಡ.

ಕೊಳ್ಳುವ ಮೊದಲು ನೋಡಬೇಕಾದ್ದು ಬಟ್ಟೆಯ ಅಂದವನ್ನಲ್ಲ. ಟ್ಯೂಬ್ ಚಾರ್ಟಿನ ಮೇಲೆ ಎರಡಕ್ಷರದ ಮುದ್ರೆ ಇರುತ್ತದೆ: ಮೊದಲನೆಯದು ವರ್ಷ (ಎಚ್ ಅಂದರೆ 1958, ಐ 1959, ಜೆ 1960), ಎರಡನೆಯದು ತಿಂಗಳು. ಐಇ ಎಂದಿದ್ದರೆ ಮೇ 1959. ಸ್ಪೀಕರ್ ಮೇಲಿನ 220 ಎಂಬ ಸಂಖ್ಯೆ ಜೆನ್ಸನ್ ಕಂಪನಿಯದು, ಅದರ ನಂತರದ ಅಂಕಿಗಳು ವರ್ಷ ಮತ್ತು ವಾರ. 220914 ಎಂದಿದ್ದರೆ 1959ರ 14ನೇ ವಾರ. ಆಂಪ್ 1959ರದ್ದು, ಸ್ಪೀಕರ್ 1964ರದ್ದು ಎಂದಾದರೆ ಬದಲಾಯಿಸಿದ್ದಾರೆ ಎಂದರ್ಥ. ಅದು ಮೋಸವೇ ಆಗಬೇಕಿಲ್ಲ, ಆದರೆ ಮೂಲ ಸ್ಪೀಕರಿನ ಬೆಲೆ ಕೊಡಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲದ್ದೇ ಇದ್ದು, ಕೋನ್‌ಗಳನ್ನು ಮಾತ್ರ ಮರುಜೋಡಿಸಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಟ್ರಾನ್ಸ್‌ಫಾರ್ಮರ್ ಸುಟ್ಟು ಬದಲಾದದ್ದಾದರೆ ಇದು ನುಡಿಸುವವರ ಆಂಪ್, ಸಂಗ್ರಾಹಕರದ್ದಲ್ಲ.

ನಾಲ್ಕೂ 8 ಓಮ್ ಸ್ಪೀಕರ್‌ಗಳು ಸಮಾನಾಂತರ, ಒಟ್ಟು 2 ಓಮ್. ಈ ಒಂದು ಸಂಖ್ಯೆ ಮರೆತವರೇ ಟ್ರಾನ್ಸ್‌ಫಾರ್ಮರ್ ಸುಡುವುದು. ಹೊರಗಿನ 16 ಓಮ್ ಪೆಟ್ಟಿಗೆಯನ್ನು ಒಂಟಿಯಾಗಿ ಹಚ್ಚಿ ಜೋರಾಗಿ ನುಡಿಸಬೇಡಿ. ಒಂದು ಸ್ಪೀಕರಿನ ತಂತಿ ಕಳಚಿದ್ದರೂ ದನಿ ಬರುತ್ತಲೇ ಇರುತ್ತದೆ, ಹಾಗಾಗಿ ಪ್ಲಗ್ ಕಿತ್ತು ಮೀಟರಿನಲ್ಲಿ ಅಳೆಯಿರಿ. ಡಿಸಿ ರೆಸಿಸ್ಟೆನ್ಸ್ ಓಮ್ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ತೋರುತ್ತದೆ, 1.5 ಓಮ್ ಆಸುಪಾಸು ಸರಿ. 2 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಲ್ಲೋ ಒಂದು ಕಳಚಿದೆ.

ಒಳಗೆ ಕೈ ಹಾಕುವವರಿಗೆ: ಆಫ್ ಮಾಡಿ ವಯರ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿಗೂ ಮೇಲೆ ಉಳಿದಿರಬಹುದು. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರಿಗೆ ಕ್ಲಿಪ್ ಕಟ್ಟಿ ಖಾಲಿ ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಂಡು ಮುಟ್ಟಿ. ಇದು ಗೊತ್ತಿಲ್ಲದವರು ಹಿಂಬದಿ ಹಲಗೆಯ ಸ್ಕ್ರೂ ಬಿಚ್ಚಲೇಬಾರದು.

ಮೊದಲ ಕೆಲಸ ಪವರ್ ಕಾರ್ಡ್. ಮೂಲದ್ದು ಎರಡು ಪಿನ್ನಿನದು. ಗ್ರೌಂಡ್ ಸ್ವಿಚ್ ಮೂಲಕ ಒಂದು 0.05 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೇನ್ಸ್‌ನಿಂದ ಚಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ) ಹೋಗುತ್ತದೆ. ಅದು ಶಾರ್ಟ್ ಆದರೆ ಚಾಸಿಯ ಜತೆಗೆ ಗಿಟಾರಿನ ತಂತಿಗಳಲ್ಲೂ ಕರೆಂಟ್. ಆ ಕೆಪಾಸಿಟರ್ ತೆಗೆಯಿರಿ, ಮೂರು ಪಿನ್ನಿನ ಕಾರ್ಡ್ ಹಾಕಿ, ಅರ್ತ್ ವಯರನ್ನು ಅದರದ್ದೇ ಬೋಲ್ಟಿಗೆ ಬಿಗಿಯಿರಿ. ಲೈವ್ ವಯರ್ ಮೊದಲು ಫ್ಯೂಸಿಗೆ, ಆಮೇಲೆ ಸ್ವಿಚ್ಚಿಗೆ. ಮೂಲ ಭಾಗ ಹಾಳಾಯಿತಲ್ಲ ಎಂದು ಗೊಣಗುವವರಿದ್ದಾರೆ, ಕಿವಿಗೊಡಬೇಡಿ.

ಎರಡನೆಯದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು. 60 ವರ್ಷ ದಾಟಿದ ಯಾವುದನ್ನೂ ನಂಬುವಂತಿಲ್ಲ. ಚೋಕ್‌ಗೆ (ಸಪ್ಲೈಯನ್ನು ಸಮಗೊಳಿಸುವ ಸುರುಳಿ) ಮುಂಚಿನ ಎರಡು 20 ಮೈಕ್ರೋಫ್ಯಾರಡ್‌ಗಳ ಜಾಗಕ್ಕೆ 22, 500 ವೋಲ್ಟಿನವು ಸಾಕು. ಹಮ್ (ಗುಂಯ್ ಎನ್ನುವ ಸದ್ದು) ಇನ್ನಷ್ಟು ಇಳಿಯಲಿ ಎಂದು 100 ಹಾಕಿದರೆ ಆನ್ ಮಾಡುವಾಗಿನ ಏರುಕರೆಂಟಿಗೆ ಜಿಝಡ್34 ಒಳಗೇ ಕಿಡಿ ಹಾರಿಸಿ ಸಾಯುತ್ತದೆ. ಆ ಟ್ಯೂಬಿನ ಬದಲು 5ಯು4 ಹಾಕುವುದೂ ಬೇಡ: ಅದರ ಹೀಟರ್ 3 ಆಂಪಿಯರ್ ಎಳೆಯುತ್ತದೆ, ಜಿಝಡ್34ದು 1.9 ಮಾತ್ರ. ವೋಲ್ಟೇಜೂ ಇಳಿಯುವುದರಿಂದ ಬಯಾಸ್ (ಔಟ್‌ಪುಟ್ ಟ್ಯೂಬಿನ ನಿಶ್ಚಲ ಕರೆಂಟನ್ನು ನಿಗದಿಸುವ ವೋಲ್ಟೇಜ್) ಲೆಕ್ಕ ತಪ್ಪುತ್ತದೆ.

ಮೂರನೆಯದು, ಹೆಚ್ಚಿನ ರಿಪೇರಿಯವರು ಹಾರಿಸಿಬಿಡುವುದು, ಫೇಸ್ ಇನ್ವರ್ಟರಿನಿಂದ (ಸಂಕೇತವನ್ನು ಎರಡಾಗಿ ಒಡೆಯುವ ಹಂತ) 5881ರ ಗ್ರಿಡ್‌ಗೆ (ಕರೆಂಟನ್ನು ನಿಯಂತ್ರಿಸುವ ಜಾಲರಿ) ಹೋಗುವ ಕಪ್ಲಿಂಗ್ ಕೆಪಾಸಿಟರ್‌ಗಳು. ಮೂಲದ ಹಳದಿ ಆಸ್ಟ್ರಾನ್ ಕೆಪಾಸಿಟರ್‌ಗಳು ನೋಡಲು ಚೆಂದ, ಆದರೆ ಡಿಸಿ ಸೋರತೊಡಗಿದರೆ ಗ್ರಿಡ್‌ನ ನೆಗೆಟಿವ್ ವೋಲ್ಟೇಜ್ ಕರಗಿ ಪ್ಲೇಟ್ ಕೆಂಪಾಗುತ್ತದೆ. ಪರೀಕ್ಷೆ ಸುಲಭ. ಔಟ್‌ಪುಟ್ ಟ್ಯೂಬ್ ಕಿತ್ತು, ಆನ್ ಮಾಡಿ, ಎರಡೂ ಸಾಕೆಟ್‌ಗಳ 5ನೇ ಪಿನ್ ಅಳೆಯಿರಿ. ಎರಡರಲ್ಲೂ ಮೈನಸ್ 48 ವೋಲ್ಟ್ ಆಸುಪಾಸು ಇರಬೇಕು. ಒಂದರಲ್ಲಿ 48, ಇನ್ನೊಂದರಲ್ಲಿ 40 ಬಂದರೆ ಎರಡನೆಯದರ ಕೆಪಾಸಿಟರ್ ಸೋರುತ್ತಿದೆ. ಸೋರುವುದನ್ನಷ್ಟೇ ಬದಲಾಯಿಸಿ. ಸರಿಯಿರುವ ಆಸ್ಟ್ರಾನನ್ನು ಕೀಳುವುದು ಅನ್ಯಾಯ.

ಬಯಾಸ್ ಹೊಂದಿಸಲು ಮೂಲದಲ್ಲಿ ನಾಬ್ ಇಲ್ಲ, 56 ಕಿಲೋ ಓಮಿನ ಸ್ಥಿರ ರೆಸಿಸ್ಟರ್ ಅಷ್ಟೇ. ಪ್ರತಿ 8ನೇ ಪಿನ್ನಿಗೂ ಗ್ರೌಂಡಿಗೂ ನಡುವೆ 1 ಓಮ್ ರೆಸಿಸ್ಟರ್ ಹಾಕಿದರೆ ಮಿಲಿವೋಲ್ಟ್ ಓದಿದಷ್ಟೇ ಮಿಲಿಆಂಪಿಯರ್. 5881ರ ಪ್ಲೇಟ್ ಮಿತಿ 23 ವ್ಯಾಟ್, ಅದರ ಶೇ. 70 ಅಂದರೆ 16 ವ್ಯಾಟ್. 430 ವೋಲ್ಟಿಗೆ ಸುಮಾರು 37 ಮಿಲಿಆಂಪಿಯರ್. ಮೀಟರಿನ ಓದಿನಲ್ಲಿ ಸ್ಕ್ರೀನ್ ಕರೆಂಟೂ ಸೇರಿರುತ್ತದೆ, 35 ಇದ್ದರೆ ನೆಮ್ಮದಿ. ಹೆಚ್ಚು ಬಂದರೆ ಆ 56 ಕಿಲೋ ಓಮನ್ನು ದೊಡ್ಡದು ಮಾಡಿ.

ಇನ್ನು ಕಾಣದ ಶತ್ರು, ಮೇಣ ಹಚ್ಚಿದ ಫೈಬರ್ ಬೋರ್ಡ್. ತೇವ ಹೀರಿದರೆ ಬೋರ್ಡೇ ಕರೆಂಟ್ ಹರಿಸುತ್ತದೆ, ಕಾರಣವಿಲ್ಲದೆ ಪಟಪಟ ಸದ್ದು. ಮೀಟರಿನ ಕಡ್ಡಿಯನ್ನು ಘಟಕಗಳಿಲ್ಲದ ಖಾಲಿ ಜಾಗಕ್ಕೆ ಒತ್ತಿದಾಗ ಕೆಲವು ವೋಲ್ಟ್ ಕಂಡರೆ ಅನುಮಾನ ಖಚಿತ. ಹೇರ್ ಡ್ರೈಯರಿನಿಂದ ಮೆಲ್ಲಗೆ ಒಣಗಿಸಿ ನೋಡಿ. ಪ್ರೆಸೆನ್ಸ್ ತಿರುಗಿಸುವಾಗ ಬರುವ ಕರಕರ ಮಾತ್ರ ದೋಷವಲ್ಲ: ಆ 5 ಕಿಲೋ ಓಮ್ ಪಾಟ್ (ನಾಬ್‌ನ ಹಿಂದಿನ ತಿರುಗುವ ರೆಸಿಸ್ಟರ್) ಮೂಲಕ ಡಿಸಿ ಹರಿಯುವುದೇ ವಿನ್ಯಾಸ. ಹೊಸ ಪಾಟ್ ಹಾಕಿದರೂ ಕೊಂಚ ದಿನದಲ್ಲಿ ಮತ್ತೆ ಕರಕರ.

ವಾರ ವಾರ ವೇದಿಕೆಗೆ ಹೊರುವವರು 1990ರಲ್ಲಿ ಶುರುವಾದ ಮರುತಯಾರಿಕೆಯ ಬೇಸ್‌ಮನ್ ಕೊಳ್ಳುವುದೇ ಜಾಣತನ. ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ಇದ್ದರೂ ಮುಕ್ಕಾಲು ದನಿ ಸಿಗುತ್ತದೆ, ಬಿದ್ದರೆ ಎದೆ ಒಡೆಯುವುದಿಲ್ಲ. ರೆಕಾರ್ಡಿಂಗ್ ಕೋಣೆಯಲ್ಲಿ ಕೂತಲ್ಲೇ ಇರುವ ಆಂಪ್ ಬೇಕಿದ್ದವರಿಗೆ ಹಳೆಯದಕ್ಕೆ ಸಾಟಿಯಿಲ್ಲ.

230 ವೋಲ್ಟ್ ಇರುವ ಕಡೆ ನುಡಿಸುವುದಾದರೆ 300 ವೋಲ್ಟ್-ಆಂಪಿಯರಿಗೆ ಕಡಿಮೆಯಿಲ್ಲದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲ, ಆದ್ದರಿಂದ ಆಂಪಿನ ಪವರ್ ಟ್ರಾನ್ಸ್‌ಫಾರ್ಮರ್ ತುಸು ಹೆಚ್ಚೇ ಬಿಸಿಯಾಗುತ್ತದೆ. ಹೀಟರ್ ಪಿನ್‌ಗಳಲ್ಲಿ 6.3 ವೋಲ್ಟ್ ಇದೆಯೇ ಅಳೆಯಿರಿ. 6.9 ದಾಟಿದ್ದರೆ ಮೇನ್ಸ್ ಇಳಿಸದೆ ಆನ್ ಮಾಡಬೇಡಿ.