260, 395, 505 ಪಿಪಿಐ: ಮೂರು ಪರದೆಗಳನ್ನು ದೀರ್ಘಕಾಲ ಬಳಸಿದ ಮೇಲೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ದಿನವೂ ಕನ್ನಡ ಓದುವವರಿಗೆ 400ರ ಆಸುಪಾಸಿನ ಪಿಕ್ಸೆಲ್ ಸಾಂದ್ರತೆ (ಪಿಪಿಐ, ಅಂದರೆ ಪರದೆಯ ಒಂದು ಇಂಚಿನ ಉದ್ದದಲ್ಲಿ ಕೂರುವ ಪಿಕ್ಸೆಲ್ ಚುಕ್ಕಿಗಳ ಸಂಖ್ಯೆ) ನಿಜವಾಗಿಯೂ ಬೇಕು. ಬರೀ ವಿಡಿಯೊ ನೋಡುವವರಿಗೆ 260 ಸಾಕು. 500 ದಾಟಿದ ಪರದೆಯಿಂದ ಉಪಯೋಗ ಸಿಗುವುದು ಕೆಲವೇ ಕೆಲವರಿಗೆ.

ಹೋಲಿಸಿದ್ದು ಮೂರು ಬಗೆಯ ಪರದೆಗಳನ್ನು. ಮೊದಲನೆಯದು 6.74 ಇಂಚಿನ ಎಚ್‌ಡಿ ಪ್ಲಸ್ ಎಲ್‌ಸಿಡಿ (ಹಿಂಬದಿಯ ದೀಪದಿಂದ ಬೆಳಗುವ ಪರದೆ), 720×1600 ಪಿಕ್ಸೆಲ್, 260 ಪಿಪಿಐ. ರೆಡ್‌ಮಿ 13ಸಿ ವರ್ಗದ ಫೋನುಗಳಲ್ಲಿ ಇರುವಂಥದ್ದು. ಎರಡನೆಯದು 6.67 ಇಂಚಿನ ಫುಲ್ ಎಚ್‌ಡಿ ಪ್ಲಸ್ ಅಮೊಲೆಡ್ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ), 1080×2400, 395 ಪಿಪಿಐ. ರೆಡ್‌ಮಿ ನೋಟ್ 13 5ಜಿ ವರ್ಗ. ಮೂರನೆಯದು 6.8 ಇಂಚಿನ ಕ್ಯೂಎಚ್‌ಡಿ ಪ್ಲಸ್ ಅಮೊಲೆಡ್, 1440×3120, 505 ಪಿಪಿಐ. ಗ್ಯಾಲಕ್ಸಿ ಎಸ್24 ಅಲ್ಟ್ರಾ ವರ್ಗ. ಮುಂದೆ ಇವನ್ನು 260, 395, 505 ಎಂದೇ ಕರೆಯುತ್ತೇನೆ. ನಿಮ್ಮ ಫೋನಿನ ಪಿಪಿಐ ಗೊತ್ತಿಲ್ಲದಿದ್ದರೆ ಅಗಲದ ಮತ್ತು ಎತ್ತರದ ಪಿಕ್ಸೆಲ್‌ಗಳ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆದು, ಪರದೆಯ ಕರ್ಣದ ಇಂಚಿನಿಂದ ಭಾಗಿಸಿ.

2010ರಲ್ಲಿ ಐಫೋನ್ 4 ಬಂದಾಗ ಅದರ 3.5 ಇಂಚಿನ ಪರದೆಗೆ 326 ಪಿಪಿಐ ಇತ್ತು. ಹತ್ತು ಹನ್ನೆರಡು ಇಂಚು ದೂರ ಹಿಡಿದರೆ 300ರ ಸುಮಾರಿಗೆ ಕಣ್ಣಿನ ಮಿತಿ ಬರುತ್ತದೆ ಎಂದು ಸ್ಟೀವ್ ಜಾಬ್ಸ್ ಅಂದು ಹೇಳಿದ್ದರು. ಆ ಮಾತಿನಲ್ಲಿದ್ದ ‘ಹತ್ತು ಹನ್ನೆರಡು ಇಂಚು’ ಎಲ್ಲೋ ಬಿದ್ದುಹೋಗಿ 300 ಮಾತ್ರ ಉಳಿದುಕೊಂಡಿತು. ದೂರವಿಲ್ಲದೆ ಪಿಪಿಐಗೆ ಅರ್ಥವಿಲ್ಲ. 6/6 ದೃಷ್ಟಿಯ, ಅಂದರೆ ದೋಷವಿಲ್ಲದ ಸಾಮಾನ್ಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬೇರ್ಪಡಿಸಿ ನೋಡಬಲ್ಲದು. ಇದನ್ನು ಲೆಕ್ಕಕ್ಕೆ ಇಳಿಸಿದರೆ ಸುಲಭದ ಸೂತ್ರವೊಂದು ಸಿಗುತ್ತದೆ: 8,700ನ್ನು ಕಣ್ಣಿಂದ ಪರದೆಗಿರುವ ಸೆಂಟಿಮೀಟರ್‌ಗಳಿಂದ ಭಾಗಿಸಿ. 40 ಸೆಂ.ಮೀ.ಗೆ 218 ಪಿಪಿಐ ಸಾಕು. 30 ಸೆಂ.ಮೀ.ಗೆ 290 ಬೇಕು. 20 ಸೆಂ.ಮೀ.ಗೆ 435.

ಎಳೆಯ, ಆರೋಗ್ಯವಂತ ಕಣ್ಣುಗಳು 6/6ಕ್ಕಿಂತ ಚುರುಕಾಗಿರುವುದು ಸಾಮಾನ್ಯ. ಅಂಥವರು 8,700ರ ಬದಲು 11,600 ಇಟ್ಟುಕೊಳ್ಳಲಿ. ಆಗ 30 ಸೆಂ.ಮೀ. ದೂರಕ್ಕೇ 387 ಬೇಕಾಗುತ್ತದೆ. ನಲವತ್ತೈದು ದಾಟಿ ಚಾಳೀಸು ಬಂದವರು ಫೋನನ್ನು ಅರ್ಧ ಮೀಟರ್ ದೂರ ಹಿಡಿಯುತ್ತಾರೆ, ಅಲ್ಲಿ 175 ಪಿಪಿಐ ಸಹ ಸಾಕು. ತಂದೆತಾಯಿಗೆ ಫೋನ್ ಕೊಡಿಸುವಾಗ ಪಿಪಿಐ ನೋಡಬೇಡಿ. ಪರದೆಯ ಅಳತೆ, ಬೆಳಕು, ದೊಡ್ಡ ಅಕ್ಷರ ನೋಡಿ. ಸಮೀಪದೃಷ್ಟಿಯವರದು ಇದಕ್ಕೆ ನೇರ ವಿರುದ್ಧ. ರಾತ್ರಿ ಕನ್ನಡಕ ತೆಗೆದಿಟ್ಟು ಮುಖಕ್ಕೆ ಹದಿನೈದು ಇಪ್ಪತ್ತು ಸೆಂ.ಮೀ. ಹತ್ತಿರ ಹಿಡಿದು ಓದುವ ಇವರಿಗೆ 395ರಲ್ಲೂ ಅಂಚಿನ ಒರಟು ಗೋಚರಿಸುತ್ತದೆ. 505ಕ್ಕೆ ಖರ್ಚು ಮಾಡಿದ ಹಣ ಸಾರ್ಥಕವಾಗುವುದು ಮುಖ್ಯವಾಗಿ ಇವರಿಗೇ.

ಇಷ್ಟು ಕಣ್ಣಿನ ವಿಷಯವಾಯಿತು. ಇನ್ನು ಲಿಪಿ. ಪಿಪಿಐ ಕುರಿತ ವಿಮರ್ಶೆಗಳಲ್ಲಿ ಬಹುತೇಕ ಎಲ್ಲವೂ ಇಂಗ್ಲಿಷ್ ಅಕ್ಷರಗಳನ್ನು ನೋಡಿ ಬರೆದವು, ಅಲ್ಲಿ 260ಕ್ಕೆ ಪಾಸ್ ಅಂಕ ಸಿಗುವುದು ಸಹಜ. ಕನ್ನಡದಲ್ಲಿ ಪರೀಕ್ಷೆ ಕಠಿಣ. ರಕ್ಕೂ ಠಕ್ಕೂ ಇರುವ ವ್ಯತ್ಯಾಸ ಒಳಗಿನ ಒಂದು ಚುಕ್ಕಿ. ಧ ಮತ್ತು ಥ ನಡುವೆ ಇರುವುದೂ ಒಂದು ಚುಕ್ಕಿಯೇ. ದ ಧ ಆಗುವುದು, ಪ ಫ ಆಗುವುದು ಕೆಳಗಿನ ಸಣ್ಣ ಸೀಳಿನಿಂದ. ಪ ಷ ಆಗುವುದು ಹೊಟ್ಟೆಯೊಳಗಿನ ಒಂದು ಗೀರಿನಿಂದ. ಇವುಗಳ ಮೇಲೆ ಒತ್ತಕ್ಷರಗಳು: ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಇಂಥ ಪದಗಳಲ್ಲಿ ಮೂಲ ಅಕ್ಷರದ ಅಡಿಯಲ್ಲಿ ಅದರ ಅರ್ಧದಷ್ಟೇ ಗಾತ್ರದ ಎರಡು ರೂಪಗಳು ಇಕ್ಕಟ್ಟಾಗಿ ಕೂರುತ್ತವೆ.

ಆಂಡ್ರಾಯ್ಡ್‌ನಲ್ಲಿ 12 ಅಳತೆಯ ಅಕ್ಷರಕ್ಕೆ, ಅಂದರೆ ವಾಟ್ಸಾಪ್‌ನ ಸಮಯ, ಸುದ್ದಿ ಆ್ಯಪ್‌ನ ಚಿತ್ರಶೀರ್ಷಿಕೆ ಮುಂತಾದ ಸಣ್ಣ ಬರಹಕ್ಕೆ, 260ರ ಫೋನಿನಲ್ಲಿ ಸಾಮಾನ್ಯವಾಗಿ 24 ಪಿಕ್ಸೆಲ್ ಎತ್ತರ ಸಿಗುತ್ತದೆ. 395ರಲ್ಲಿ 33. 505ರಲ್ಲಿ ಸುಮಾರು 45. ಈ 24ರಲ್ಲಿ ಒತ್ತಿಗೆ ಉಳಿಯುವುದು ಎಂಟು ಹತ್ತು ಪಿಕ್ಸೆಲ್ ಮಾತ್ರ. ಅದರ ಗೆರೆ ಒಂದೂವರೆ ಪಿಕ್ಸೆಲ್ ದಪ್ಪ ಇರಬೇಕಾದ ಕಡೆ ಫೋನು ಅದನ್ನು ಅರ್ಧ ಬೂದು ಬಣ್ಣ ಬಳಿದು ತೋರಿಸುತ್ತದೆ. ಠದ ಚುಕ್ಕಿ ಮಸುಕಾದ ಕಲೆಯಾಗುತ್ತದೆ, ಷದ ಗೀರು ಬದಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಪರಿಚಿತ ಪದವನ್ನು ಮಿದುಳು ಆಕಾರದಿಂದಲೇ ಗುರುತಿಸಿಬಿಡುವುದರಿಂದ ಇದು ಗಮನಕ್ಕೆ ಬರುವುದಿಲ್ಲ. ತೊಡಕು ಕಾಣುವುದು ಊರಿನ ಹೆಸರು, ಮನುಷ್ಯರ ಹೆಸರು, ಸಂಸ್ಕೃತ ಶ್ಲೋಕ, ಹಳಗನ್ನಡ ಪದ್ಯ ಓದುವಾಗ. ಆಗ ಕಣ್ಣು ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡುತ್ತದೆ. ಅರ್ಧ ಗಂಟೆ ಸತತ ಓದಿದರೆ 260ರಲ್ಲಿ ಆಗುವ ಆಯಾಸಕ್ಕೆ ಇದೊಂದು ಮುಖ್ಯ ಕಾರಣ.

260ರ ಫೋನ್ ಈಗಾಗಲೇ ಕೈಯಲ್ಲಿದ್ದರೆ ಅದನ್ನು ಬದಲಿಸಬೇಕಿಲ್ಲ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಫಾಂಟ್ ಸೈಜನ್ನು ಎರಡು ಹಂತ ಮೇಲೇರಿಸಿ. 1.3 ಪಟ್ಟು ಆದಾಗ ಅದೇ ಬರಹಕ್ಕೆ 31 ಪಿಕ್ಸೆಲ್ ಸಿಗುತ್ತದೆ, 395ರ ಹತ್ತಿರಕ್ಕೇ ಬಂತು. ಪರದೆಯಲ್ಲಿ ಸಾಲುಗಳು ಕಡಿಮೆಯಾಗುತ್ತವೆ, ಅಷ್ಟೇ ನಷ್ಟ. ಬೋಲ್ಡ್ ಟೆಕ್ಸ್ಟ್ ಆಯ್ಕೆಯನ್ನು ಮಾತ್ರ ಕನ್ನಡಕ್ಕೆ ಹಾಕಬೇಡಿ. ಗೆರೆ ದಪ್ಪವಾದಷ್ಟೂ ಒಳಗಿನ ಚುಕ್ಕಿ, ಸೀಳುಗಳಿಗೆ ಜಾಗ ಕಡಿಮೆಯಾಗುತ್ತದೆ.

ಫಾಂಟ್ ಸೈಜ್ ಸಹಾಯಕ್ಕೆ ಬಾರದ ಕಡೆಯೊಂದಿದೆ, ಪಿಡಿಎಫ್. ಪಹಣಿ, ಸುತ್ತೋಲೆ, ಬ್ಯಾಂಕಿನ ಪತ್ರ, ಹಳೆಯ ಪುಸ್ತಕದ ಸ್ಕ್ಯಾನ್, ಇವೆಲ್ಲ ಫೋನಿನ ಅಗಲಕ್ಕೆ ಕುಗ್ಗಿ ಬರುತ್ತವೆ. 21 ಸೆಂ.ಮೀ. ಅಗಲದ ಎ4 ಹಾಳೆ 7 ಸೆಂ.ಮೀ. ಪರದೆಗೆ ಬಂದರೆ 10 ಪಾಯಿಂಟ್ ಅಕ್ಷರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೆ 260ರಲ್ಲಿ ಸಿಗುವುದು 12 ಪಿಕ್ಸೆಲ್, 395ರಲ್ಲಿ 18, 505ರಲ್ಲಿ 23. ಹನ್ನೆರಡರಲ್ಲಿ ಕನ್ನಡ ಓದಲಾಗದು. ಹದಿನೆಂಟರಲ್ಲಿ ಕಷ್ಟಪಟ್ಟು ಆಗುತ್ತದೆ. ಇಪ್ಪತ್ತಮೂರರಲ್ಲಿ ಅಕ್ಷರ ಸ್ಪಷ್ಟವಾಗಿಯೇ ಇದ್ದರೂ ಒಂದು ಮಿಲಿಮೀಟರ್ ಚಿಲ್ಲರೆ ಎತ್ತರದ ಬರಹವನ್ನು ಬಹಳ ಹೊತ್ತು ಓದಲು ಯಾರಿಗೂ ಆಗುವುದಿಲ್ಲ, ಎಲ್ಲರೂ ಹಿಗ್ಗಿಸಿಯೇ ಓದುತ್ತಾರೆ. ಫೋನನ್ನು ಅಡ್ಡ ತಿರುಗಿಸಿದರೆ 260ರಲ್ಲೇ ಅದೇ ಅಕ್ಷರಕ್ಕೆ 27 ಪಿಕ್ಸೆಲ್ ದೊರೆಯುತ್ತದೆ. ಹಾಗಾಗಿ 505ರ ದೊಡ್ಡ ಗೆಲುವು ಎನ್ನುವ ಪಿಡಿಎಫ್ ಓದು ಕೂಡ ನಿಜ ಬಳಕೆಯಲ್ಲಿ ಅಷ್ಟು ದೊಡ್ಡದಲ್ಲ. ವಾಟ್ಸಾಪ್‌ನಲ್ಲಿ ಬಂದ ಪತ್ರದ ಫೋಟೊ ಮಸುಕಾಗಿದ್ದರೆ ಪರದೆಯನ್ನು ದೂರಬೇಡಿ. ಕಳಿಸುವಾಗ ಚಿತ್ರ ಕುಗ್ಗಿರುತ್ತದೆ. ಎಚ್‌ಡಿ ಆರಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಈಗ ಪೆಟ್ಟಿಗೆಯ ಮೇಲೆ ಬರೆದಿರದ ಸಂಗತಿ. ಎಲ್‌ಸಿಡಿಯ 260 ಮತ್ತು ಅಮೊಲೆಡ್‌ನ 260 ಒಂದೇ ಅಲ್ಲ. ಎಲ್‌ಸಿಡಿಯ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಉಪಪಿಕ್ಸೆಲ್‌ಗಳಿರುತ್ತವೆ. ಫೋನುಗಳ ಅಮೊಲೆಡ್‌ನಲ್ಲಿ ಸಾಮಾನ್ಯವಾಗಿ ಎರಡೇ: ಹಸಿರು ಎಲ್ಲದರಲ್ಲೂ ಇದ್ದು, ಕೆಂಪು ಮತ್ತು ನೀಲಿಯನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತವೆ. ಹೀಗಾಗಿ ಕೆಂಪು, ನೀಲಿಗಳ ಸಂಖ್ಯೆ ಅರ್ಧ. ಉದ್ದದ ಲೆಕ್ಕದಲ್ಲಿ ಪಿಪಿಐಯನ್ನು 1.41ರಿಂದ ಭಾಗಿಸಿದಷ್ಟು. 395ರ ಅಮೊಲೆಡ್‌ನಲ್ಲಿ ಕೆಂಪಿನ ಸಾಂದ್ರತೆ 280, ಅಂದರೆ 260ರ ಎಲ್‌ಸಿಡಿಗಿಂತ ಸ್ವಲ್ಪವೇ ಹೆಚ್ಚು. 505ರಲ್ಲಿ 357. ಐಫೋನ್ 11ರ ಎಲ್‌ಸಿಡಿ 326 ಇದ್ದದ್ದು ಐಫೋನ್ 12ರ ಒಎಲ್‌ಇಡಿಯಲ್ಲಿ (ಅಮೊಲೆಡ್ ಇದರದೇ ಒಂದು ಬಗೆ) 460 ಆಯಿತು; ಇದೇ ಭಾಗಾಕಾರ ಮಾಡಿದರೆ 460ರಿಂದ 325 ಬರುತ್ತದೆ, ಹೆಚ್ಚುಕಡಿಮೆ ಹಳೆಯ 326ರಷ್ಟೇ.

ಕಣ್ಣು ಸೂಕ್ಷ್ಮ ವಿವರವನ್ನು ಹೆಚ್ಚಾಗಿ ಹಸಿರಿನ ಬೆಳಕಿನಿಂದಲೇ ಗ್ರಹಿಸುವುದರಿಂದ ಬಿಳಿಯ ಮೇಲಿನ ಕಪ್ಪು ಬರಹದಲ್ಲಿ 395ರ ಅಮೊಲೆಡ್ ಸ್ಪಷ್ಟವಾಗಿ ಮುಂದಿದೆ. ಕೊರತೆ ಎದ್ದುಕಾಣುವುದು ಡಾರ್ಕ್ ಮೋಡ್‌ನಲ್ಲಿ, ಕಪ್ಪಿನ ಮೇಲೆ ಕೆಂಪು ಅಥವಾ ನೀಲಿ ಅಕ್ಷರ ಬಂದಾಗ. ಸುದ್ದಿ ಆ್ಯಪ್‌ಗಳ ಕೆಂಪು ‘ಬ್ರೇಕಿಂಗ್’ ಪಟ್ಟಿ, ನೀಲಿ ಲಿಂಕುಗಳು ಇದಕ್ಕೆ ಉದಾಹರಣೆ. ಅಕ್ಷರದ ಅಂಚು ಹಲ್ಲುಹಲ್ಲಾಗಿ ತೋರುತ್ತದೆ. ಎಚ್‌ಡಿ ಪ್ಲಸ್ ಅಮೊಲೆಡ್‌ನಲ್ಲಿ ಈ ಕೊರತೆ ಇನ್ನೂ ಹೆಚ್ಚು. 2019ರ ಮಿ ಎ3 ಫೋನಿನ 6.09 ಇಂಚಿನ 720×1560 ಅಮೊಲೆಡ್‌ನಂಥ ಪರದೆಯಲ್ಲಿ ಕೆಂಪಿನ ಸಾಂದ್ರತೆ ಸುಮಾರು 200ಕ್ಕೆ ಇಳಿಯುತ್ತದೆ. ಹೆಚ್ಚು ಓದುವವರಿಗೆ ಅಗ್ಗದ ಫೋನ್ ಆರಿಸಬೇಕಾಗಿ ಬಂದು, ಎಚ್‌ಡಿ ಪ್ಲಸ್ ಅಮೊಲೆಡ್ ಮತ್ತು ಫುಲ್ ಎಚ್‌ಡಿ ಪ್ಲಸ್ ಎಲ್‌ಸಿಡಿ ಎರಡೂ ಒಂದೇ ಬೆಲೆಗೆ ಸಿಕ್ಕರೆ, ನನ್ನ ಮತ ಎಲ್‌ಸಿಡಿಗೆ. ಬಣ್ಣ ಎಷ್ಟೇ ಚೆಂದವಿದ್ದರೂ ಅಕ್ಷರ ಮೊದಲು.

ವಿಡಿಯೊ ವಿಷಯದಲ್ಲಿ ಹೇಳುವುದು ಕಡಿಮೆ. 16:9 ವಿಡಿಯೊ 260ರ ಪರದೆಯನ್ನು ಅಡ್ಡ ಹಿಡಿದಾಗ ಸರಿಯಾಗಿ 1280×720 ಜಾಗ ತುಂಬುತ್ತದೆ. 40 ಸೆಂ.ಮೀ. ದೂರದಿಂದ ಚಲಿಸುವ ಚಿತ್ರದಲ್ಲಿ 395ಕ್ಕೂ ಇದಕ್ಕೂ ಇರುವ ಭೇದ ಹುಡುಕಬೇಕು. ಯೂಟ್ಯೂಬ್‌ನಲ್ಲಿ 720ರ ಪರದೆಗೂ 1080ಪಿ ಆರಿಸಿದರೆ ಚಿತ್ರ ತುಸು ಸ್ವಚ್ಛವಾಗುತ್ತದೆ, ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರುವ ಡೇಟಾ, ಹೆಚ್ಚಿರುವುದೇ ಅದಕ್ಕೆ ಕಾರಣ. ಡೇಟಾ ಖರ್ಚೂ ಏರುತ್ತದೆ. ಒಟಿಟಿಯಲ್ಲಿ ಚಿತ್ರ ಮಂಕಾಗಿದ್ದರೆ ಹೆಚ್ಚಿನ ಸಲ ತಪ್ಪು ವೈಡ್‌ವೈನ್ ಮಟ್ಟದ್ದು. ವಿಡಿಯೊ ನಕಲಾಗದಂತೆ ಕಾಯುವ ವ್ಯವಸ್ಥೆ ಅದು. ಫೋನಿಗೆ ಎಲ್1 ಇಲ್ಲದೆ ಎಲ್3 ಮಾತ್ರ ಇದ್ದರೆ ನೆಟ್‌ಫ್ಲಿಕ್ಸ್ ಕಡಿಮೆ ಸ್ಪಷ್ಟತೆಯ ಎಸ್‌ಡಿಯಲ್ಲೇ ನಿಲ್ಲುತ್ತದೆ, ಪರದೆ 505 ಇದ್ದರೂ ಅಷ್ಟೇ. ನೆಟ್‌ಫ್ಲಿಕ್ಸ್‌ನ ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ಸ್ಪೆಸಿಫಿಕೇಶನ್ ತೆರೆದರೆ ಮಟ್ಟ ಗೊತ್ತಾಗುತ್ತದೆ. ಬೂಟ್‌ಲೋಡರ್ (ಫೋನಿನ ತಂತ್ರಾಂಶ ಬದಲಿಸದಂತೆ ಕಂಪನಿ ಹಾಕಿದ ಬೀಗ) ತೆರೆದ ಫೋನುಗಳಲ್ಲಿ ಎಲ್1 ಎಲ್3ಕ್ಕೆ ಇಳಿದಿರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದನ್ನು ನೋಡಲೇಬೇಕು. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್‌ನಲ್ಲಿದ್ದರೆ ಹೇಗೂ 480ಪಿ ಮಾತ್ರ.

505ರ ಪರದೆಯ ಬಗ್ಗೆ ಮತ್ತೊಂದು ಮಾತು. ಈ ವರ್ಗದ ಸ್ಯಾಮ್‌ಸಂಗ್ ಫೋನುಗಳು ಪೆಟ್ಟಿಗೆಯಿಂದ ಹೊರಬಂದಾಗ ಫುಲ್ ಎಚ್‌ಡಿ ಪ್ಲಸ್‌ಗೆ ಹೊಂದಿಸಿರುತ್ತವೆ. ಡಿಸ್‌ಪ್ಲೇ ವಿಭಾಗದ ಸ್ಕ್ರೀನ್ ರೆಸಲ್ಯೂಷನ್‌ನಲ್ಲಿ ಬದಲಿಸದಿದ್ದರೆ, ಕೊಟ್ಟ ಹಣದ ಪಿಕ್ಸೆಲ್‌ಗಳು ಪೂರ್ತಿ ಬಳಕೆಗೆ ಬರುವುದೇ ಇಲ್ಲ. 1080ರ ಚಿತ್ರವನ್ನು 1440ಕ್ಕೆ ಹಿಗ್ಗಿಸುವಾಗ ಮೂರು ಪಿಕ್ಸೆಲ್ ನಾಲ್ಕರ ಮೇಲೆ ಹರಡಬೇಕು, ಆದ್ದರಿಂದ ಅಂಚು ಸಣ್ಣಗೆ ಮೆತ್ತಗಾಗುತ್ತದೆ. ವಿಚಿತ್ರವೆಂದರೆ ಬದಲಿಸಿದ ಮೇಲೂ 30 ಸೆಂ.ಮೀ. ದೂರದಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಬ್ಯಾಟರಿಯ ಭಯ ಬೇಡ. 1440ರಲ್ಲಿ ಜಿಪಿಯು (ಚಿತ್ರ ಬಿಡಿಸುವ ಚಿಪ್ ಭಾಗ) ಚಿತ್ರಿಸಬೇಕಾದ ಪಿಕ್ಸೆಲ್ ಸುಮಾರು 45 ಲಕ್ಷ, 1080ರಲ್ಲಿ 25ರಿಂದ 26 ಲಕ್ಷ, ಎಚ್‌ಡಿ ಪ್ಲಸ್‌ನಲ್ಲಿ 11.5 ಲಕ್ಷ. ಆದರೆ ಅಮೊಲೆಡ್ ಕುಡಿಯುವ ವಿದ್ಯುತ್ತಿನಲ್ಲಿ ಬಹುಪಾಲು ಬೆಳಕಿಗೆ ಹೋಗುತ್ತದೆ, ರೆಸಲ್ಯೂಷನ್ ಇಳಿಸಿದರೆ ಅದು ಇಳಿಯುವುದಿಲ್ಲ. ಓದುವಾಗ ಉಳಿತಾಯ ಅತ್ಯಲ್ಪ. ಬ್ರೈಟ್‌ನೆಸ್ ಒಂದಿಷ್ಟು ತಗ್ಗಿಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಅಗ್ಗದ ಫೋನಿನಲ್ಲಿ ಎಚ್‌ಡಿ ಪ್ಲಸ್ ಇರುವುದಕ್ಕೂ ಇದೇ ಲೆಕ್ಕ ಒಂದು ಕಾರಣ: ದುರ್ಬಲ ಜಿಪಿಯುಗೆ 11.5 ಲಕ್ಷ ಹಗುರ, ಸ್ಕ್ರೋಲ್ ಮಾಡುವಾಗ ಫೋನು ಮುಗ್ಗರಿಸುವುದು ಕಡಿಮೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಡೆಮೊ ವಿಡಿಯೊದಿಂದ ಕಣ್ಣು ತೆಗೆಯಿರಿ, ಅದರಲ್ಲಿ ಎಲ್ಲ ಪರದೆಯೂ ಚೆಂದವೇ. ಬ್ರೈಟ್‌ನೆಸ್ ಅರ್ಧಕ್ಕೆ ತನ್ನಿ. ಬ್ರೌಸರ್‌ನಲ್ಲಿ ಕನ್ನಡ ವಿಕಿಪೀಡಿಯದ ಯಾವುದಾದರೂ ಪುಟ ತೆರೆದು ಅಡಿಟಿಪ್ಪಣಿಗಳ ತನಕ ಇಳಿಯಿರಿ, ಅಲ್ಲಿನ ಅಕ್ಷರ ಸಣ್ಣದಿರುತ್ತದೆ. ನೀವು ಮನೆಯಲ್ಲಿ ಹಿಡಿಯುವಷ್ಟೇ ದೂರದಲ್ಲಿ ಹಿಡಿದು ಠ, ಥ, ಷ, ಫ ಇರುವ ಪದಗಳನ್ನು ಹುಡುಕಿ. ಚುಕ್ಕಿ ಮತ್ತು ಸೀಳು ಊಹೆಯಿಲ್ಲದೆ ಕಾಣಬೇಕು. ಆಮೇಲೆ ಡಾರ್ಕ್ ಮೋಡ್ ಹಾಕಿ ನೀಲಿ ಲಿಂಕಿನ ಅಂಚು ನೋಡಿ. ಕೊನೆಗೆ ಬಾಗಿಲ ಬಳಿ ಹೋಗಿ ಬಿಸಿಲಿಗೆ ಹಿಡಿಯಿರಿ. ಬಿಸಿಲಿನಲ್ಲಿ ಸೋಲುವ 505ಕ್ಕಿಂತ ಬಿಸಿಲಿನಲ್ಲಿ ಓದಲಾಗುವ 395 ಮೇಲು.

ಒಳ್ಳೆಯ ಪರದೆಯನ್ನು ಕೊಂಡ ಮೇಲೆ ಹಾಳುಮಾಡುವ ದಾರಿಗಳೂ ಇವೆ. ಮ್ಯಾಟ್ ಸ್ಕ್ರೀನ್ ಗಾರ್ಡ್‌ನ ಒರಟು ಮೈ ಬೆಳಕನ್ನು ಚದುರಿಸಿ ಬಿಳಿ ಹಿನ್ನೆಲೆಯಲ್ಲಿ ಮರಳು ಚೆಲ್ಲಿದಂತೆ ಕಾಣಿಸುತ್ತದೆ; 395ರ ಪರದೆ 260ರಂತಾಗುತ್ತದೆ. ಗೇಮ್ ಆಡುವವರಿಗೆ ಬೆರಳು ಜಾರಲು ಅದು ಸರಿ, ಓದುವವರಿಗೆ ನಯವಾದ ಗಾಜಿನ ಗಾರ್ಡ್ ಒಳ್ಳೆಯದು. ಪರದೆ ಒಡೆದು ಬದಲಿಸುವಾಗ ಅಗ್ಗದ ದರ ಹೇಳಿದರೆ ಅಮೊಲೆಡ್ ಬದಲು ಎಲ್‌ಸಿಡಿ ನಕಲು ಕೂರಿಸುವ ಸಾಧ್ಯತೆ ಹೆಚ್ಚು, ಕೆಲವು ನಕಲುಗಳಲ್ಲಿ ಪಿಕ್ಸೆಲ್‌ಗಳೂ ಕಡಿಮೆ. ಜೋಡಿಸಿದ ಮೇಲೆ ಪೂರ್ತಿ ಕಪ್ಪು ಚಿತ್ರವೊಂದನ್ನು ಕತ್ತಲಲ್ಲಿ ತೆರೆಯಿರಿ: ಅಮೊಲೆಡ್ ಆದರೆ ಪರದೆ ಆರಿದಂತಿರುತ್ತದೆ, ಎಲ್‌ಸಿಡಿ ಆದರೆ ಬೂದು ಬೆಳಕು ಸೋರುತ್ತದೆ. ಪರದೆಯಡಿಯ ಆಪ್ಟಿಕಲ್ ಬೆರಳಚ್ಚು ಸೆನ್ಸರ್ ಇದ್ದ ಫೋನಿನಲ್ಲಿ ಅದು ಕೆಲಸ ನಿಲ್ಲಿಸಿದ್ದರೂ ನಕಲಿನ ಗುರುತಾಗಿರಬಹುದು, ಏಕೆಂದರೆ ಸೆನ್ಸರ್‌ಗೆ ಬೇಕಾದ ಬೆಳಕು ಎಲ್‌ಸಿಡಿಯ ಹಿಂಬದಿಯನ್ನು ದಾಟುವುದಿಲ್ಲ. ಹಣ ಕೊಡುವ ಮುಂಚೆ, ಅಂಗಡಿಯವರ ಎದುರೇ, ಎರಡನ್ನೂ ನೋಡಿ.