ಸಾ ಕಲೋಬ್ರಾ ಇಳಿಯುವ ಮೊದಲು ಬ್ರೇಕ್ ನೋಡಿಕೊಳ್ಳಿ

ಸ್ಪೇನ್‌ನ ಮಯೋರ್ಕಾ ದ್ವೀಪಕ್ಕೆ, ಅದರಲ್ಲೂ ಸಮುದ್ರ ದಡದ ಸಾ ಕಲೋಬ್ರಾ ಊರಿಗೆ ಇಳಿಯುವ ಘಾಟಿ ರಸ್ತೆಯಲ್ಲಿ, ಸೈಕಲ್ ತುಳಿಯೋಕೆ ಹೋಗ್ತಿದ್ದೀರಾ? ಬಾಡಿಗೆ ಸೈಕಲ್ ಕೈಗೆ ಬಂದ ತಕ್ಷಣ, ಅಂಗಡಿ ಮುಂದೆಯೇ ನಿಂತು ಎಡಗೈ ಬ್ರೇಕ್ ಹಿಡಿಯಿರಿ. ಯಾವ ಚಕ್ರ ನಿಲ್ಲುತ್ತದೆ ನೋಡಿ. ನಾನು ನೋಡಲಿಲ್ಲ.

ನಮ್ಮ ಕಡೆ ಬಲಗೈಗೆ ಮುಂದಿನ ಬ್ರೇಕ್. ಸ್ಪೇನ್‌ನಲ್ಲಿ ಸಾಮಾನ್ಯವಾಗಿ ಉಲ್ಟಾ. ಅಂಗಡಿಯವನನ್ನು ಕೇಳಿದ್ದರೆ ಬದಲಾಯಿಸಿ ಕೊಡುತ್ತಿದ್ದನೇನೋ. ಆಗುಂಬೆಯ 14 ತಿರುವು ಇಳಿದವನು ನಾನು, ಇದೇನು ಮಹಾ ಅನ್ನುವ ಜಂಬ ಬೇರೆ.

ಬೇರೆ ಬೆಟ್ಟಗಳಲ್ಲಿ ಮೊದಲು ಹತ್ತುತ್ತೇವೆ, ಆಮೇಲೆ ಇಳಿಯುತ್ತೇವೆ. ಸಾ ಕಲೋಬ್ರಾದಲ್ಲಿ ಮೊದಲೇ ಇಳಿಯಬೇಕು. ಕೋಲ್ ದೆಲ್ಸ್ ರೇಯಿಸ್ ಕಣಿವೆದಾರಿ ಇರುವುದು 682 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹತ್ತು ಕಿಲೋಮೀಟರ್ ಒಳಗೇ ಸಮುದ್ರ. ನಡುವೆ ಇಪ್ಪತ್ತಕ್ಕೂ ಜಾಸ್ತಿ ಹೇರ್‌ಪಿನ್ ತಿರುವು. ಆಂತೋನಿಯೋ ಪಾರಿಯೇತ್ತಿ ಎಂಬ ಎಂಜಿನಿಯರ್ 1930ರ ದಶಕದಲ್ಲಿ ಮಾಡಿಸಿದ ರಸ್ತೆ. ಒಂದು ಕಡೆ ಟೈ ಗಂಟಿನ ಹಾಗೆ ಸುತ್ತಿ ತನ್ನ ಕೆಳಗೇ ತಾನು ಹಾದುಹೋಗುತ್ತದೆ. ನೋಡೋಕೆ ಚೆಂದ, ನಿಜ.

ಆ ಗಂಟು ದಾಟಿದ ಮೇಲೆ ಎದುರಿಗೆ ಪ್ರವಾಸಿಗರ ಬಸ್ ಬಂತು. ತಿರುವಿನಲ್ಲಿ ಅದಕ್ಕೆ ಇಡೀ ರಸ್ತೆ ಬೇಕು. ಹಿಂದಿನ ಬ್ರೇಕ್ ಅಂದುಕೊಂಡು ಎಡಗೈ ಒತ್ತಿದೆ. ಹಿಂದಿನ ಚಕ್ರ ನೆಲ ಬಿಟ್ಟಿತು. ಹೇಗೋ ಬೀಳಲಿಲ್ಲ. ಆದರೆ ಎದೆ ಹೊಡೆದುಕೊಳ್ಳೋಕೆ ಶುರುವಾಯ್ತು, ಅಲ್ಲಿಂದ ಎರಡೂ ಬ್ರೇಕ್ ಹಿಡಿದೇ ಇಳಿದೆ. ಒಂದು ಕ್ಷಣವೂ ಬಿಡಲಿಲ್ಲ. ತಪ್ಪಾಗಿದ್ದೇ ಅಲ್ಲಿ.

ಅದು ರಿಮ್ ಬ್ರೇಕ್ ಸೈಕಲ್. ಬ್ರೇಕ್ ರಬ್ಬರ್ ರಿಮ್ಮಿಗೇ ಉಜ್ಜುತ್ತದೆ, ಬಿಸಿಯೆಲ್ಲ ಅಲ್ಲೇ ಸೇರುತ್ತದೆ. ಸುಟ್ಟ ವಾಸನೆ ಬಂದಾಗ ಬಸ್ಸಿನದು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಢಂ! ಮುಂದಿನ ಟ್ಯೂಬ್ ಒಡೆಯಿತು. ಸೈಕಲ್ ನೇರ ಕಲ್ಲಿನ ಕಟ್ಟೆಗೆ ಹೋಗಿ ಬಡಿಯಿತು. ಮೊಣಕೈ ಚರ್ಮ ಕಿತ್ತುಬಂತು. ಏನಾಯ್ತು ಅಂತ ರಿಮ್ ಮುಟ್ಟಿದೆ, ತೋರುಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದಿತು. ಬಿಸಿ ದೋಸೆಕಲ್ಲು ಮುಟ್ಟಿದ ಹಾಗೆ. ಹೊಸ ಟ್ಯೂಬ್ ಹಾಕೋಕೆ ರಿಮ್ ಆರುವ ತನಕ ಬಿಸಿಲಲ್ಲಿ ಕೂತಿದ್ದೆ. ಸುತ್ತ ಬರೀ ಸುಣ್ಣದ ಕಲ್ಲು, ನೆರಳಿಲ್ಲ. ವಾಪಸ್ ಬರೋಕೆ ಇರುವುದೂ ಅದೇ ರಸ್ತೆ.

ಆಗಲೇ ಬ್ರೇಕ್ ರಬ್ಬರ್ ಕಡೆ ಕಣ್ಣು ಹೋಯ್ತು. ಗೀರುಗಳೆಲ್ಲ ಸವೆದು ನುಣ್ಣಗಾಗಿದ್ದವು. ಒಂದೇ ಇಳಿಜಾರಿಗೆ ಅಷ್ಟು ಸವೆಯುತ್ತಾ? ಅಂಗಡಿಯವನು ಮಾತ್ರ ‘ನೀವೇ ಸುಟ್ಟಿದ್ದು’ ಅಂದು ರಿಮ್ಮಿನ ದುಡ್ಡನ್ನು ಡೆಪಾಸಿಟ್‌ನಲ್ಲಿ ಮುರಿದುಕೊಂಡ. ನನ್ನ ಹತ್ತಿರ ಮೊದಲಿನ ಫೋಟೋ ಇರಲಿಲ್ಲ, ವಾದ ಮಾಡೋದೇನು?

ಹಾಗಾಗಿ ಬಾಡಿಗೆಗೆ ತೆಗೆದುಕೊಳ್ಳುವಾಗಲೇ ಬ್ರೇಕ್ ರಬ್ಬರ್ ಹತ್ತಿರದಿಂದ ಫೋಟೋ ತೆಗೆದುಕೊಳ್ಳಿ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಡಿಸ್ಕ್ ಬ್ರೇಕ್ ಸೈಕಲ್ಲೇ ಕೇಳಿ. ಬೆಳಿಗ್ಗೆ ಬಸ್ಸುಗಳು ಶುರುವಾಗುವ ಮೊದಲೇ ಇಳಿಯಿರಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ, ರಿಮ್ಮಿಗೆ ಗಾಳಿ ತಾಗಲಿ. ಭಯವಾದರೆ ಬದಿಗೆ ನಿಲ್ಲಿ. ಅವತ್ತು ಒಬ್ಬ ಅಜ್ಜ ಹಾಗೆ ಮೂರು ಸಲ ನಿಂತು, ನಾನು ಟ್ಯೂಬ್ ಬದಲಿಸುವಾಗ ಕೈ ಬೀಸಿ ಮುಂದೆ ಹೋದ.